ಇಲ್ಲದ ವೈರಸ್‌ಗೆ ಮದ್ದು ಮಾರಿದವರು

2009ರ ಸೆಪ್ಟೆಂಬರ್ ತಿಂಗಳ ಎರಡನೇ ವಾರಾಂತ್ಯ. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಜಾಲತಾಣದಲ್ಲಿ ಸುದ್ದಿ ಓದುತ್ತಿದ್ದ ಕೆಲವರ ಪರದೆಯಿಂದ ಸುದ್ದಿಪುಟ ಇದ್ದಕ್ಕಿದ್ದಂತೆ ಮಾಯವಾಯಿತು. ಅದರ ಜಾಗದಲ್ಲಿ ಬಂದು ಕೂತದ್ದು ಒಂದು ಎಚ್ಚರಿಕೆ: ನಿಮ್ಮ ಕಂಪ್ಯೂಟರ್‌ಗೆ ವೈರಸ್ ತಗುಲಿದೆ, ಕೂಡಲೇ ಈ ಆಂಟಿವೈರಸ್ ಹಾಕಿಕೊಳ್ಳಿ. ಆ ಎಚ್ಚರಿಕೆಗೂ ಓದುಗರ ಕಂಪ್ಯೂಟರ್‌ನ ಸ್ಥಿತಿಗತಿಗೂ ಯಾವ ಸಂಬಂಧವೂ ಇರಲಿಲ್ಲ. ಇಂಟರ್ನೆಟ್ ದೂರವಾಣಿ ಕಂಪನಿ ವೋನೇಜ್‌ನ ಹೆಸರು ಹೇಳಿಕೊಂಡು ಯಾರೋ ಪತ್ರಿಕೆಯ ಜಾಲತಾಣದಲ್ಲಿ ಜಾಹೀರಾತಿನ ಜಾಗ ಹಿಡಿದಿದ್ದರು. ಮೊದಮೊದಲು ವೋನೇಜ್‌ನ ಜಾಹೀರಾತನ್ನೇ ತೋರಿಸಿ ನಂಬಿಕೆ ಗಿಟ್ಟಿಸಿಕೊಂಡರು. ಶನಿವಾರ, ಭಾನುವಾರ ಬಂದಾಗ ಅದನ್ನು ತೆಗೆದು ತಮ್ಮ ಸರಕನ್ನು ಇಟ್ಟರು.

ಆ ಸರಕಿನ ಹೆಸರು ನಕಲಿ ಆಂಟಿವೈರಸ್. 2005ರಿಂದ 2011ರವರೆಗೆ ಮನೆಯಲ್ಲಿ ವಿಂಡೋಸ್ ಕಂಪ್ಯೂಟರ್ ಇಟ್ಟುಕೊಂಡಿದ್ದವರಿಗೆ ಅದರ ಪರಿಚಯ ಬೇರೆಬೇರೆ ಹೆಸರುಗಳಲ್ಲಿ ಆಗಿದೆ: ವಿನ್‌ಫಿಕ್ಸರ್, ಸ್ಪೈಶೆರಿಫ್, ಎಕ್ಸ್‌ಪಿ ಆಂಟಿವೈರಸ್, ಆಂಟಿವೈರಸ್ 2009, ಸೆಕ್ಯುರಿಟಿ ಟೂಲ್. ಹೆಸರು ಯಾವುದಾದರೂ ನಾಟಕ ಒಂದೇ. ತಪಾಸಣೆ ನಡೆಯುತ್ತಿರುವಂತೆ ಪರದೆಯ ಮೇಲೆ ಒಂದು ಪಟ್ಟಿ ಓಡುತ್ತದೆ, ಕೆಂಪು ಅಕ್ಷರಗಳಲ್ಲಿ ಹತ್ತಾರು ವೈರಸ್‌ಗಳ ಹೆಸರು ಮೂಡುತ್ತವೆ, ಇವನ್ನು ತೆಗೆಯಲು 49.95 ಡಾಲರ್ ಕಟ್ಟಿ ಎಂಬ ಬೇಡಿಕೆ ಬರುತ್ತದೆ. ಬ್ರೌಸರ್‌ನಲ್ಲಿ ಓಡುತ್ತಿದ್ದ ಈ ತಪಾಸಣೆ ಬರೀ ಒಂದು ಚಲಿಸುವ ಚಿತ್ರ. ಹಾಗಾಗಿಯೇ ಮ್ಯಾಕ್ ಅಥವಾ ಲಿನಕ್ಸ್ ಬಳಸುವವರ ಪರದೆಯಲ್ಲೂ ವಿಂಡೋಸ್ ಎಕ್ಸ್‌ಪಿಯ ‘ಮೈ ಕಂಪ್ಯೂಟರ್’ ತೆರೆದುಕೊಂಡು, ಅವರ ಯಂತ್ರದಲ್ಲಿ ಇಲ್ಲವೇ ಇಲ್ಲದ ಸಿ ಡ್ರೈವ್‌ನಲ್ಲಿ ವೈರಸ್ ಸಿಕ್ಕಿತೆಂದು ಸಾರುತ್ತಿತ್ತು!

ದುಡ್ಡು ಕಟ್ಟಿದರೆ ಕೆಂಪು ಎಚ್ಚರಿಕೆಗಳು ನಿಂತು ಎಲ್ಲವೂ ಹಸಿರಾಗುತ್ತಿತ್ತು. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದೆಂದರೆ ಇದೇ.

ಭಯ ಹುಟ್ಟಿಸಿ ಮದ್ದು ಮಾರುವ ಈ ಜಾಡು ಬಹಳ ಹಳೆಯದು. ಐಬಿಎಂ ಪಿಸಿಗಳಲ್ಲಿ ಹರಡಿದ ಮೊದಲ ವೈರಸ್ ಎನ್ನಲಾಗುವ ‘ಬ್ರೇನ್’ ಹುಟ್ಟಿದ್ದು 1986ರಲ್ಲಿ, ಲಾಹೋರಿನಲ್ಲಿ. ಕಂಪ್ಯೂಟರ್ ಅಂಗಡಿ ನಡೆಸುತ್ತಿದ್ದ ಬಾಸಿತ್ ಮತ್ತು ಅಮ್ಜದ್ ಎಂಬ ಅಣ್ಣತಮ್ಮಂದಿರು ತಮ್ಮ ಸಾಫ್ಟ್‌ವೇರನ್ನು ಕದ್ದು ಬಳಸುವವರನ್ನು ಹಿಡಿಯಲು ಅದನ್ನು ಬರೆದರು. ಅದರೊಳಗೆ ಅಂಗಡಿಯ ವಿಳಾಸ, ಫೋನ್ ನಂಬರ್ ಕೊಟ್ಟು, ಲಸಿಕೆ ಬೇಕಿದ್ದರೆ ನಮ್ಮನ್ನು ಸಂಪರ್ಕಿಸಿ ಎಂದೂ ಸೇರಿಸಿದ್ದರು. ರೋಗದ ಜೊತೆಗೇ ವೈದ್ಯರ ವಿಳಾಸವೂ ಬಂದಿತ್ತು!

ಆರು ವರ್ಷ ಕಳೆದು 1992ರಲ್ಲಿ ‘ಮೈಕೆಲೆಂಜೆಲೊ’ ವೈರಸ್‌ನ ಗಲಾಟೆ ಎದ್ದಿತು. ಚಿತ್ರಕಾರ ಮೈಕೆಲೆಂಜೆಲೊ ಹುಟ್ಟಿದ ಮಾರ್ಚ್ 6ರಂದು ಅದು ಹಾರ್ಡ್ ಡಿಸ್ಕ್ ಅಳಿಸಿಹಾಕುತ್ತದೆಂದು ಪತ್ರಿಕೆ, ಟಿವಿಗಳು ವಾರಗಟ್ಟಲೆ ಹೇಳಿದವು. 50 ಲಕ್ಷದವರೆಗೆ ಯಂತ್ರಗಳು ಹಾಳಾಗಬಹುದೆಂದು ಆಂಟಿವೈರಸ್ ಉದ್ಯಮಿ ಜಾನ್ ಮೆಕಾಫಿ ಲೆಕ್ಕ ಕೊಟ್ಟಿದ್ದರು. ಆ ದಿನ ಬಂದಾಗ ಹಾಳಾದವು ಕೆಲವು ಸಾವಿರ ಮಾತ್ರ. ಆದರೆ ಅದಕ್ಕೂ ಮೊದಲೇ ಆಂಟಿವೈರಸ್ ಜೋರಾಗಿ ಮಾರಾಟವಾಗಿತ್ತು. ಮೆಕಾಫಿಯವರ ಸಾಫ್ಟ್‌ವೇರ್ ಅಸಲಿ, ವೈರಸ್ಸೂ ಅಸಲಿ, ಉಬ್ಬಿದ್ದು ಭಯವೊಂದೇ. ಮುಂದೆ ಬಂದ ನಕಲಿಗಾರರು ಸಾಫ್ಟ್‌ವೇರನ್ನೂ ವೈರಸ್ಸನ್ನೂ ಕೈಬಿಟ್ಟು ಭಯವನ್ನು ಮಾತ್ರ ಉಳಿಸಿಕೊಂಡರು.

ಅವರ ಕೆಲಸವನ್ನು ಹಗುರ ಮಾಡಿದ್ದು, ಬಯಸದೆಯೇ, ಮೈಕ್ರೋಸಾಫ್ಟ್. 2004ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2ರಲ್ಲಿ ‘ಸೆಕ್ಯುರಿಟಿ ಸೆಂಟರ್’ ಎಂಬ ಹೊಸ ಸೌಲಭ್ಯವಿತ್ತು. ಆಂಟಿವೈರಸ್ ಇಲ್ಲದಿದ್ದರೆ ಗಡಿಯಾರದ ಪಕ್ಕದಲ್ಲಿ ಕೆಂಪು ಗುರಾಣಿ ಮೂಡಿ, ನಿಮ್ಮ ಕಂಪ್ಯೂಟರ್ ಅಪಾಯದಲ್ಲಿರಬಹುದು ಎಂಬ ಪುಟ್ಟ ಬಲೂನು ಏಳುತ್ತಿತ್ತು. ಆ ಮೂಲೆಯಲ್ಲಿ ಏಳುವ ಬಲೂನಿನ ಮಾತು ಕೇಳಬೇಕೆಂದು ಲಕ್ಷಾಂತರ ಮನೆಗಳು ಕಲಿತವು. ಸ್ಪೈಶೆರಿಫ್‌ನಂಥವು ಅದೇ ಮೂಲೆಯಲ್ಲಿ, ಅದೇ ಬಗೆಯ ಬಲೂನಿನಲ್ಲಿ ಮಾತಾಡತೊಡಗಿದವು. ಎಕ್ಸ್‌ಪಿ ಆಂಟಿವೈರಸ್‌ನ ಕೆಲವು ಆವೃತ್ತಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ವಿಂಡೋಸ್ ತಜ್ಞ ಮಾರ್ಕ್ ರಸಿನೊವಿಚ್ ತಮಾಷೆಗೆಂದು ಬರೆದಿದ್ದ ನೀಲಿಪರದೆಯ ಸ್ಕ್ರೀನ್‌ಸೇವರನ್ನು ಕದ್ದು ತಂದು ಹಾಕಿದವು. ಸ್ವಲ್ಪ ಹೊತ್ತು ಮೌಸ್ ಮುಟ್ಟದಿದ್ದರೆ ಸಿಸ್ಟಂ ಕ್ರ್ಯಾಶ್ ಆದಂತೆ ಕಾಣಬೇಕು, ಮನೆಯವರು ಗಾಬರಿಯಾಗಬೇಕು, ಅಷ್ಟೇ.

ಈ ವ್ಯಾಪಾರಕ್ಕೆ ಕಚೇರಿಗಳಿದ್ದವು, ಸಂಬಳವಿತ್ತು, ಗ್ರಾಹಕ ಸೇವೆಯೂ ಇತ್ತು. ದೊಡ್ಡ ಹೆಸರು ‘ಇನ್ನೊವೇಟಿವ್ ಮಾರ್ಕೆಟಿಂಗ್’. ನೋಂದಣಿ ಬೆಲೀಜ್‌ನಲ್ಲಿ, ಕೆಲಸ ಉಕ್ರೇನಿನ ಕೀವ್‌ನಲ್ಲಿ. ಅಲ್ಲಿ ನೂರಾರು ಯುವಕರು ಹಾಜರಿ ಹಾಕಿ ದುಡಿಯುತ್ತಿದ್ದರು. ಓದಿನ ಖರ್ಚಿಗೆಂದು ಸೇರಿದ್ದ ವಿದ್ಯಾರ್ಥಿಗಳೂ ಅವರಲ್ಲಿ ಬಹಳ ಮಂದಿ. ದುಡ್ಡು ಕಟ್ಟಿ ತಕರಾರು ತೆಗೆದವರಿಗೆ ಉತ್ತರಿಸಲು ಕಾಲ್ ಸೆಂಟರ್‌ಗಳಿದ್ದವು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಅಂದರೆ ಎಫ್‌ಟಿಸಿ, 2008ರ ಡಿಸೆಂಬರ್‌ನಲ್ಲಿ ಈ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು. 10 ಲಕ್ಷಕ್ಕೂ ಹೆಚ್ಚು ಜನ ಮೋಸಹೋಗಿದ್ದಾರೆಂಬುದು ಅದರ ಆರೋಪ. 2012ರಲ್ಲಿ ನ್ಯಾಯಾಲಯ ಕಂಪನಿಯ ಒಬ್ಬ ಅಧಿಕಾರಿಯ ಮೇಲೆ 16.3 ಕೋಟಿ ಡಾಲರ್‌ಗೂ ಹೆಚ್ಚಿನ ತೀರ್ಪು ಹೊರಿಸಿತು. ನಡುವೆ, 2010ರಲ್ಲಿ, ಷಿಕಾಗೋದಲ್ಲಿ ಮೂವರ ಮೇಲೆ ಕ್ರಿಮಿನಲ್ ಆರೋಪಪಟ್ಟಿ ಸಲ್ಲಿಕೆಯಾಯಿತು. 60ಕ್ಕೂ ಹೆಚ್ಚು ದೇಶಗಳ ಜನರಿಂದ 10 ಕೋಟಿ ಡಾಲರ್‌ಗೂ ಮೀರಿ ಬಾಚಿದರೆಂದು ಅದರಲ್ಲಿತ್ತು.

ಸರಕು ಸಿದ್ಧಪಡಿಸುವವರು ಒಂದು ಕಡೆ, ಮನೆಮನೆಗೆ ತಲುಪಿಸುವವರು ಇನ್ನೊಂದು ಕಡೆ. ತಲುಪಿಸುವವರಿಗೆ ಕಮಿಷನ್. ಸೆಕ್ಯೂರ್‌ವರ್ಕ್ಸ್ ಸಂಸ್ಥೆಯ ಜೋ ಸ್ಟೀವರ್ಟ್ 2008ರಲ್ಲಿ ರಷ್ಯನ್ನರ ‘ಬಾಕಾಸಾಫ್ಟ್‌ವೇರ್’ ಜಾಲದ ಲೆಕ್ಕಪತ್ರ ಬಯಲಿಗಿಟ್ಟರು. ಅದರಲ್ಲಿ ಒಬ್ಬ ಏಜೆಂಟ್ 10 ದಿನಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ನಕಲಿಯನ್ನು ತುಂಬಿಸಿದ್ದ. ದುಡ್ಡು ಕಟ್ಟಿದವರು 2,772 ಮಂದಿ. ಅಂದರೆ ನೂರಕ್ಕೆ ಇಬ್ಬರೂ ಇಲ್ಲ. ಅಷ್ಟರಲ್ಲೇ ಅವನ ಪಾಲಿಗೆ ಬಂದದ್ದು 1.46 ಲಕ್ಷ ಡಾಲರ್. ಈ ಜಾಲದ ಸರಕು ರಷ್ಯನ್ ಭಾಷೆಯ ಕಂಪ್ಯೂಟರ್‌ಗಳಿಗೆ ಮಾತ್ರ ಇಳಿಯುತ್ತಿರಲಿಲ್ಲ. ಊರಿನ ಪೊಲೀಸರನ್ನು ಎದುರುಹಾಕಿಕೊಳ್ಳುವುದು ಯಾರಿಗೆ ಬೇಕು?

ಹರಡುವ ದಾರಿಗಳಿಗೆ ಕೊನೆಯಿರಲಿಲ್ಲ. 2008ರ ಜುಲೈನಿಂದ ಮುಂದಿನ ಜೂನ್‌ವರೆಗಿನ ಒಂದು ವರ್ಷದಲ್ಲಿ 250 ಬಗೆಯ ನಕಲಿಗಳು ನುಗ್ಗಲು ಯತ್ನಿಸಿದ 4.3 ಕೋಟಿ ಪ್ರಸಂಗಗಳನ್ನು ಆಂಟಿವೈರಸ್ ಕಂಪನಿ ಸಿಮ್ಯಾಂಟೆಕ್ ಎಣಿಸಿತು. ಜಗತ್ತನ್ನೇ ಬೆಚ್ಚಿಬೀಳಿಸಿದ್ದ ಕಾನ್‌ಫಿಕರ್ ಹುಳು 2009ರ ಏಪ್ರಿಲ್‌ನಲ್ಲಿ ಕೊನೆಗೂ ಎದ್ದು ಏನು ಮಾಡೀತೆಂದು ತಜ್ಞರು ಕಾದು ಕೂತಿದ್ದರೆ, ಅದು ಮಾಡಿದ ಕೆಲಸಗಳಲ್ಲೊಂದು ‘ಸ್ಪೈಪ್ರೊಟೆಕ್ಟ್ 2009’ ಎಂಬ ನಕಲಿ ಆಂಟಿವೈರಸ್ಸನ್ನು ಇಳಿಸಿದ್ದು!

ಇನ್ನು ಮನೆಯೊಳಗಿನ ಪಾಡು. ಸೋಂಕು ತಗುಲಿದ ಕಂಪ್ಯೂಟರ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆಯಲು ಹೋದರೆ ಅದಕ್ಕೂ ವೈರಸ್ ಬಂದಿದೆ ಎಂದು ನಕಲಿ ತಡೆಯುತ್ತಿತ್ತು. ನೋಟ್‌ಪ್ಯಾಡ್ ಒತ್ತಿದರೂ ಅದೇ ಉತ್ತರ. ವಾಲ್‌ಪೇಪರ್ ಜಾಗದಲ್ಲಿ ಎಚ್ಚರಿಕೆಯ ಫಲಕ. ಬ್ರೌಸರ್‌ನ ಪ್ರಾಕ್ಸಿ ಬದಲಾಗಿ, ಅಸಲಿ ಆಂಟಿವೈರಸ್ ಕಂಪನಿಗಳ ತಾಣಗಳು ತೆರೆಯುತ್ತಲೇ ಇರಲಿಲ್ಲ. ಯಾವ ಪ್ರೋಗ್ರಾಂ ಒತ್ತಿದರೂ ಮೊದಲು ತಾನೇ ಓಡುವಂತೆ ಕೆಲವು ನಕಲಿಗಳು ವಿಂಡೋಸ್ ರಿಜಿಸ್ಟ್ರಿಯನ್ನು ತಿದ್ದುತ್ತಿದ್ದವು. ಅಂಥ ನಕಲಿಯ ಫೈಲನ್ನಷ್ಟೇ ಅಳಿಸಿದರೆ ಬಳಿಕ ಒಂದು ಪ್ರೋಗ್ರಾಮೂ ತೆರೆಯುವುದಿಲ್ಲ.

ಬಿಡಿಸಿಕೊಳ್ಳುವ ಕೆಲಸಕ್ಕೆ ಹೀಗೆ ಒಂದು ಕ್ರಮವೇ ಬೇಕಾಯಿತು. ಆ ಕ್ರಮವನ್ನು ಕಟ್ಟಿದವರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ ದುಡಿದವರು. ನೆದರ್ಲೆಂಡ್ಸ್‌ನ ವಿದ್ಯಾರ್ಥಿ ಮೆರೈನ್ ಬೆಲೆಕೊಮ್ ಬರೆದ ‘ಹೈಜಾಕ್‌ದಿಸ್’ ಎಂಬ ಪುಟ್ಟ ಸಾಫ್ಟ್‌ವೇರ್ ಕಂಪ್ಯೂಟರ್ ಶುರುವಾದಾಗ ಏನೇನು ಓಡುತ್ತದೆಂದು ಪಟ್ಟಿ ಮಾಡಿಕೊಡುತ್ತಿತ್ತು; ಆ ಪಟ್ಟಿಯನ್ನು ಓದಿ ಯಾವ ಸಾಲು ಕಳ್ಳನದೆಂದು ಹೇಳುವ ಸ್ವಯಂಸೇವಕರು ದೇಶದೇಶಗಳಲ್ಲಿದ್ದರು. ಲಾರೆನ್ಸ್ ಏಬ್ರಮ್ಸ್ 2004ರಲ್ಲಿ ಆರಂಭಿಸಿದ ‘ಬ್ಲೀಪಿಂಗ್ ಕಂಪ್ಯೂಟರ್’ ಒಂದೊಂದು ನಕಲಿಗೂ ಬಿಡಿಸಿಕೊಳ್ಳುವ ವಿಧಾನವನ್ನು ಹಂತಹಂತವಾಗಿ ಬರೆದು ಹಂಚಿತು. ಅಮೆರಿಕದ ಹುಡುಗ ಮಾರ್ಸಿನ್ ಕ್ಲೆಚಿನ್‌ಸ್ಕಿ ಮನೆಯ ಕಂಪ್ಯೂಟರ್‌ಗೆ ತಾನೇ ಸೋಂಕು ತಂದುಕೊಂಡು, ಇಂಥ ಸ್ವಯಂಸೇವಕರ ನೆರವಿನಿಂದ ಅದನ್ನು ಶುಚಿ ಮಾಡಿದ. ಮುಂದೆ 2008ರಲ್ಲಿ, ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವಾಗಲೇ, ‘ಮಾಲ್‌ವೇರ್‌ಬೈಟ್ಸ್’ ಕಂಪನಿಯನ್ನು ಕಟ್ಟಿದ. ಅದರ ಉಚಿತ ಆವೃತ್ತಿ ಬಹುಬೇಗ ಈ ಕೆಲಸದ ಮುಖ್ಯ ಸಾಧನವಾಯಿತು.

ಕ್ರಮ ಹೀಗಿತ್ತು. ಮೊದಲು ಇಂಟರ್ನೆಟ್ ಕೇಬಲ್ ಕಿತ್ತುಹಾಕುವುದು. ಶುರುವಾಗುವಾಗ ಎಫ್8 ಒತ್ತಿ ಸೇಫ್ ಮೋಡ್‌ಗೆ ಹೋಗುವುದು. ಬೇರೆ ಕಂಪ್ಯೂಟರ್‌ನಲ್ಲಿ ಇಳಿಸಿದ ಸಾಧನಗಳನ್ನು ಪೆನ್‌ಡ್ರೈವ್‌ನಲ್ಲಿ ತರುವುದು. ನಕಲಿ ಓಡುತ್ತಿರುವಾಗ ಯಾವ ಪ್ರೋಗ್ರಾಮನ್ನೂ ಬಿಡುವುದಿಲ್ಲವಲ್ಲ, ಅದಕ್ಕೆ ಏಬ್ರಮ್ಸ್ ‘ಆರ್‌ಕಿಲ್’ ಎಂಬುದನ್ನು ಬರೆದರು. ನಕಲಿಯ ಓಟವನ್ನು ನಿಲ್ಲಿಸುವುದಷ್ಟೇ ಅದರ ಕೆಲಸ. ಅದನ್ನು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಹೆಸರಿನಲ್ಲೂ ಕೊಡುತ್ತಿದ್ದರು. ಕಾರಣ ಸರಳ: ದುಡ್ಡು ಕಟ್ಟಲು ಬ್ರೌಸರ್ ಬೇಕೇಬೇಕು, ಆದ್ದರಿಂದ ಆ ಹೆಸರನ್ನು ನಕಲಿ ತಡೆಯುತ್ತಿರಲಿಲ್ಲ. ಕಳ್ಳನ ದುರಾಸೆಯಲ್ಲೇ ಒಂದು ಬಾಗಿಲು ತೆರೆದಿತ್ತು. ಆರ್‌ಕಿಲ್ ಮುಗಿದ ಮೇಲೆ ಕಂಪ್ಯೂಟರನ್ನು ಆಫ್ ಮಾಡಬಾರದು, ಮಾಡಿದರೆ ನಕಲಿ ಮತ್ತೆ ಏಳುತ್ತದೆ. ಆಗಲೇ ಮಾಲ್‌ವೇರ್‌ಬೈಟ್ಸ್ ಓಡಿಸಬೇಕು. ಕೆಲವು ನಕಲಿಗಳನ್ನು ಬಿಡಿಸಿ ನೋಡಿದ ಸ್ವಯಂಸೇವಕರು ಅವುಗಳ ನೋಂದಣಿ ಸಂಖ್ಯೆಯನ್ನೇ ಹೊರತೆಗೆದು ಹಂಚಿದ್ದರು. ಆ ಸಂಖ್ಯೆ ಹಾಕಿದರೆ ದುಡ್ಡು ಬಂತೆಂದು ನಂಬಿ ನಕಲಿ ತೆಪ್ಪಗಾಗುತ್ತಿತ್ತು, ಅಷ್ಟರಲ್ಲಿ ಅದನ್ನು ಕಿತ್ತುಹಾಕಬಹುದಿತ್ತು.

2011ರಲ್ಲಿ ಬಂದ ‘ವಿಂಡೋಸ್ ರಿಕವರಿ’ಯಂಥವು ವೈರಸ್ ಬಿಟ್ಟು ಹಾರ್ಡ್ ಡಿಸ್ಕ್ ಕೆಟ್ಟಿದೆಯೆಂಬ ಕಥೆ ಹಿಡಿದವು. ಡೆಸ್ಕ್‌ಟಾಪ್ ಬರಿದು, ಸ್ಟಾರ್ಟ್ ಮೆನು ಖಾಲಿ, ಮದುವೆಯ ಫೋಟೊಗಳಿಂದ ಹಿಡಿದು ತೆರಿಗೆಯ ಲೆಕ್ಕದವರೆಗೆ ಎಲ್ಲವೂ ಕಾಣೆ. ನಿಜದಲ್ಲಿ ಒಂದು ಫೈಲೂ ಅಳಿದಿರಲಿಲ್ಲ. ‘ಹಿಡನ್’ ಎಂಬ ಗುರುತು ಹಾಕಿ ಮರೆಮಾಡಲಾಗಿತ್ತು. ಸ್ಟಾರ್ಟ್ ಮೆನುವಿನ ಶಾರ್ಟ್‌ಕಟ್‌ಗಳನ್ನು ಟೆಂಪ್ ಫೋಲ್ಡರಿನೊಳಗೆ ಬಚ್ಚಿಡಲಾಗಿತ್ತು. ತೊಂದರೆ ಏನೆಂದರೆ, ವೈರಸ್ ಬಂದಾಗ ಮೊದಲು ಟೆಂಪ್ ಫೈಲ್‌ಗಳನ್ನು ಅಳಿಸು ಎಂಬುದು ಎಲ್ಲರಿಗೂ ಬಾಯಿಪಾಠವಾಗಿದ್ದ ಸಲಹೆ. ಅದರಂತೆ ನಡೆದವರು ಆ ಶಾರ್ಟ್‌ಕಟ್‌ಗಳನ್ನು ಕೈಯಾರೆ ಕಳೆದುಕೊಂಡರು. ಕಾದು ಕೂತವರಿಗೆ ಏಬ್ರಮ್ಸ್ ಬರೆದ ‘ಅನ್‌ಹೈಡ್’ ಎಲ್ಲವನ್ನೂ ಮರಳಿ ಕೊಟ್ಟಿತು.

ಎಲ್ಲ ಮುಗಿಯಿತೆನ್ನುವಾಗ ನಕಲಿ ಮತ್ತೆ ಮೂಡಿದರೆ ಅದರ ಹಿಂದೆ ಟಿಡಿಎಸ್‌ಎಸ್ ಇರುವ ಶಂಕೆ. ವಿಂಡೋಸ್‌ಗೂ ಕೆಳಗೆ ಅಡಗಿ ಕೂರುವ ಈ ರೂಟ್‌ಕಿಟ್ 2010ರ ಫೆಬ್ರವರಿಯಲ್ಲಿ ತಾನಾಗಿಯೇ ಸಿಕ್ಕಿಬಿತ್ತು. ಮೈಕ್ರೋಸಾಫ್ಟ್‌ನ ಒಂದು ಅಪ್‌ಡೇಟ್ ಹಾಕಿದ ಎಷ್ಟೋ ಯಂತ್ರಗಳು ನೀಲಿಪರದೆ ತೋರಿಸಿ ನಿಂತವು. ಜನ ಮೈಕ್ರೋಸಾಫ್ಟನ್ನು ಬೈದರು. ತನಿಖೆಯಾದಾಗ ಕೆಟ್ಟದ್ದು ಅಪ್‌ಡೇಟ್ ಅಲ್ಲ, ಒಳಗೆ ಮೊದಲೇ ಕೂತಿದ್ದ ಈ ರೂಟ್‌ಕಿಟ್ ಹೊಸ ಫೈಲಿಗೆ ಹೊಂದಿಕೊಳ್ಳಲಾಗದೆ ಎಡವಿತ್ತೆಂದು ತಿಳಿಯಿತು. ಕ್ಯಾಸ್ಪರ್‌ಸ್ಕಿ ಕಂಪನಿಯ ‘ಟಿಡಿಎಸ್‌ಎಸ್‌ಕಿಲ್ಲರ್’ ಈ ಕೊನೆಯ ಹಂತಕ್ಕೆ ಬಳಕೆಯಾಯಿತು.

ಕರ್ನಾಟಕದಲ್ಲಿ ಇಷ್ಟು ಹಂತಗಳಿಗೆ ತಾಳ್ಮೆ ತೋರಿದವರು ಕಡಿಮೆ. ಇಲ್ಲಿ ಮದ್ದು ಒಂದೇ: ಫಾರ್ಮ್ಯಾಟ್ ಹೊಡೆಸು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಜೋಡಿಸಿ ಕಟ್ಟಿಸಿದ ‘ಅಸೆಂಬಲ್ಡ್’ ಸಿಸ್ಟಂ, ಅದರಲ್ಲಿ ಎಷ್ಟೋ ಸಲ ಲೈಸೆನ್ಸ್ ಇಲ್ಲದ ಎಕ್ಸ್‌ಪಿ, ಲೈಸೆನ್ಸ್ ಬಯಲಾದೀತೆಂಬ ಅಳುಕಿಗೆ ನಿಲ್ಲಿಸಿಟ್ಟ ಅಪ್‌ಡೇಟ್. ವೈರಸ್‌ಗೆ ಇದಕ್ಕಿಂತ ಸುಲಭದ ಮನೆ ಇರಲಿಲ್ಲ. ಅಂತಾರಾಷ್ಟ್ರೀಯ ಕ್ರೆಡಿಟ್ ಕಾರ್ಡ್ ಇದ್ದ ಮನೆಗಳು ಕಡಿಮೆಯಿದ್ದುದರಿಂದ 49.95 ಡಾಲರಿನ ಬೇಡಿಕೆ ಬಹುತೇಕ ಕಡೆ ಗಾಳಿಗೆ ಹೋಯಿತು, ಆದರೆ ಕಂಪ್ಯೂಟರ್ ಮಾತ್ರ ಕೂತಲ್ಲೇ ಕೂತಿತು. ರಿಪೇರಿಯವರು ಸಿ ಡ್ರೈವ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕುತ್ತಿದ್ದರು. ಅದಕ್ಕೇ ಫೋಟೊ, ಹಾಡು ಏನಿದ್ದರೂ ಡಿ ಡ್ರೈವ್‌ಗೆ ಹಾಕಿಡಿ ಎಂಬ ಬುದ್ಧಿವಾದ. ಮನೆಗೆ ತಂದ ಮೇಲೆ ಪ್ರಿಂಟರ್‌ನ ಡ್ರೈವರ್ ಹುಡುಕಬೇಕು, ಕನ್ನಡ ಟೈಪಿಂಗಿನ ‘ಬರಹ’ವನ್ನೋ ‘ನುಡಿ’ಯನ್ನೋ ಮತ್ತೆ ಇನ್‌ಸ್ಟಾಲ್ ಮಾಡಬೇಕು. ಅಲ್ಲಿಯವರೆಗೆ ಕನ್ನಡದಲ್ಲಿ ಟೈಪ್ ಮಾಡಿಟ್ಟ ಪತ್ರಗಳೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತಿದ್ದವು. ಸೋಂಕಿದ ಪೆನ್‌ಡ್ರೈವನ್ನು ಡಿ ಡ್ರೈವ್‌ನಷ್ಟೇ ಅಕ್ಕರೆಯಿಂದ ಉಳಿಸಿಕೊಂಡವರು ಸ್ವಲ್ಪ ದಿನದಲ್ಲೇ ಅದೇ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದರು.

ಇಷ್ಟೆಲ್ಲ ಶುಚಿಗೊಳಿಸಿದರೂ ವ್ಯಾಪಾರ ಬಗ್ಗಲಿಲ್ಲ. 2008ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್‌ನ ಸ್ವಚ್ಛತಾ ಸಾಧನ ಒಂದೇ ಕುಟುಂಬದ ನಕಲಿಗಳನ್ನು 9.9 ಲಕ್ಷ ಕಂಪ್ಯೂಟರ್‌ಗಳಿಂದ ತೆಗೆಯಿತು. ಹೊಸ ಹೆಸರಿನಲ್ಲಿ ಅವು ಮರಳಿದವು. 2009ರ ಸೆಪ್ಟೆಂಬರ್‌ನಲ್ಲಿ ‘ಮೈಕ್ರೋಸಾಫ್ಟ್ ಸೆಕ್ಯುರಿಟಿ ಎಸೆನ್ಷಿಯಲ್ಸ್’ ಉಚಿತವಾಗಿ ಬಂತು. ಅದರ ಬೆನ್ನಿಗೇ ‘ಸೆಕ್ಯುರಿಟಿ ಎಸೆನ್ಷಿಯಲ್ಸ್ 2010’ ಎಂಬ ನಕಲಿಯೂ ಬಂತು.

ಏಟು ಬಿದ್ದದ್ದು ಬೇರೆ ಕಡೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಸಂಶೋಧಕರು ಮೂರು ನಕಲಿ ಆಂಟಿವೈರಸ್ ಜಾಲಗಳ ಸರ್ವರ್‌ಗಳೊಳಗಿನ ಲೆಕ್ಕವನ್ನು ಓದಿ 2011ರಲ್ಲಿ ವರದಿ ಮಾಡಿದರು. ಮೂರರ ಒಟ್ಟು ಆದಾಯ 13 ಕೋಟಿ ಡಾಲರ್. ಅದರಲ್ಲಿ ಕುತೂಹಲದ ಅಂಶ ಮರುಪಾವತಿಯದು. ಬ್ಯಾಂಕಿಗೆ ದೂರು ಕೊಡುವವರು ಹೆಚ್ಚಾದರೆ ಕಾರ್ಡ್ ಕಂಪನಿಗಳು ಖಾತೆಯನ್ನು ಮುಚ್ಚುತ್ತವೆ; ಆದ್ದರಿಂದ ದೂರು ಏರತೊಡಗಿದಾಗ ಕಳ್ಳರು ತಾವಾಗಿಯೇ ಹಣ ಹಿಂದಿರುಗಿಸುತ್ತಿದ್ದರು. ಇಂಥವರ ಕಾರ್ಡ್ ವಹಿವಾಟು ನಡೆಸಿಕೊಡುವ ಬ್ಯಾಂಕುಗಳು ಬೆರಳೆಣಿಕೆಯಷ್ಟು. ಅಲ್ಲಿ ಬಾಗಿಲು ಮುಚ್ಚಿದರೆ ಲಕ್ಷ ಕಂಪ್ಯೂಟರ್‌ಗಳಿಗೆ ಸೋಂಕು ಹಚ್ಚಿಯೂ ಪ್ರಯೋಜನವಿಲ್ಲ.

2011ರ ಜೂನ್‌ನಲ್ಲಿ ಎರಡು ಘಟನೆಗಳು ಒಟ್ಟಿಗೆ ನಡೆದವು. ಎಫ್‌ಬಿಐ ಹನ್ನೆರಡು ದೇಶಗಳಲ್ಲಿ ಕಾರ್ಯಾಚರಣೆ ನಡೆಸಿ ಎರಡು ಜಾಲಗಳ ಸರ್ವರ್‌ಗಳನ್ನು ವಶಪಡಿಸಿಕೊಂಡಿತು. ಒಂದರ ಬಲೆಗೆ ಬಿದ್ದವರೇ 9.6 ಲಕ್ಷ ಜನ, ನಷ್ಟ 7.2 ಕೋಟಿ ಡಾಲರ್. ಇನ್ನೊಂದು, ಹೋಟೆಲ್ ಜಾಹೀರಾತಿನ ವೇಷದಲ್ಲಿ ಮಿನಿಯಾಪೊಲಿಸ್‌ನ ‘ಸ್ಟಾರ್ ಟ್ರಿಬ್ಯೂನ್’ ಪತ್ರಿಕೆಯ ತಾಣಕ್ಕೆ ನುಗ್ಗಿದ್ದ ಲಾಟ್ವಿಯಾದವರದು; ತಲೆಮರೆಸಿಕೊಂಡ ಮುಖ್ಯ ಆರೋಪಿ ಪೋಲೆಂಡಿನಲ್ಲಿ ಸಿಕ್ಕಿಬಿದ್ದು 2018ರಲ್ಲಿ 33 ತಿಂಗಳ ಶಿಕ್ಷೆಗೆ ಒಳಗಾದ. ಅದೇ ಜೂನ್‌ನಲ್ಲಿ ರಷ್ಯಾದ ಪಾವತಿ ಕಂಪನಿ ಕ್ರೋನೋಪೇಯ ಸಹಸ್ಥಾಪಕ ಪಾವೆಲ್ ವ್ರುಬ್ಲೆವ್‌ಸ್ಕಿ ಬೇರೊಂದು ಪ್ರಕರಣದಲ್ಲಿ ಬಂಧಿತನಾದ. ನಕಲಿ ಆಂಟಿವೈರಸ್ ಹಣಕ್ಕೂ ಆ ಕಂಪನಿಗೂ ಇರುವ ನಂಟಿನ ಬಗ್ಗೆ ಪತ್ರಕರ್ತ ಬ್ರಯಾನ್ ಕ್ರೆಬ್ಸ್ ಅದಾಗಲೇ ಬರೆದಿದ್ದರು. ಅದಾದ ಕೆಲವೇ ತಿಂಗಳಲ್ಲಿ ಕಾರ್ಡ್ ವಹಿವಾಟು ಕಷ್ಟವಾಗಿ ಹಲವು ಜಾಲಗಳು ಅಂಗಡಿ ಮುಚ್ಚಿದವು.

ಕಸುಬು ಮಾತ್ರ ಉಳಿಯಿತು. 2012ರಲ್ಲಿ ‘ರೆವೆಟನ್’ ಆಯಾ ದೇಶದ ಪೊಲೀಸರ ಹೆಸರಿನಲ್ಲಿ ಪರದೆಗೆ ಬೀಗ ಹಾಕಿ ದಂಡ ಕೇಳಿತು. ಹಣ ಕ್ರೆಡಿಟ್ ಕಾರ್ಡಿನಲ್ಲಲ್ಲ, ಮೊದಲೇ ದುಡ್ಡು ತುಂಬಿಸಿದ ಕೂಪನ್‌ಗಳಲ್ಲಿ. 2013ರ ಸೆಪ್ಟೆಂಬರ್‌ನಲ್ಲಿ ಬಂದ ‘ಕ್ರಿಪ್ಟೋಲಾಕರ್’ ಫೈಲ್‌ಗಳನ್ನು ನಿಜವಾಗಿಯೇ ಗೂಢಲಿಪಿಗೆ ಬದಲಿಸಿ ಬಿಟ್‌ಕಾಯಿನ್ ಬೇಡಿತು. ಇದನ್ನು ಮಾಲ್‌ವೇರ್‌ಬೈಟ್ಸ್‌ನಿಂದ ತೆಗೆಯಬಹುದಿತ್ತು, ಫೋಟೊಗಳು ಮಾತ್ರ ಮರಳುತ್ತಿರಲಿಲ್ಲ. ಅಷ್ಟು ಕಷ್ಟದಿಂದ ಕಟ್ಟಿದ ಸ್ವಯಂಸೇವಕರ ಕ್ರಮ ಬ್ಯಾಕಪ್ ಇಲ್ಲದ ಮನೆಗಳಿಗೆ ಉಪಯೋಗಕ್ಕೆ ಬಾರದಾಯಿತು.

ಇನ್ನೊಂದು ಕವಲು ಭಾರತದಿಂದ ಹೊರಟಿತು. ಇಲ್ಲಿನ ಕಾಲ್ ಸೆಂಟರ್‌ಗಳಿಂದ ಅಮೆರಿಕ, ಬ್ರಿಟನ್‌ಗಳ ಮನೆಗಳಿಗೆ ಮೈಕ್ರೋಸಾಫ್ಟ್ ಹೆಸರಿನಲ್ಲಿ ಫೋನ್ ಹೋಗತೊಡಗಿತು. ವಿಂಡೋಸ್‌ನ ‘ಈವೆಂಟ್ ವ್ಯೂವರ್’ ತೆರೆಸಿ, ಪ್ರತಿಯೊಂದು ಕಂಪ್ಯೂಟರ್‌ನಲ್ಲೂ ಇರುವ ಸಾಮಾನ್ಯ ಎರರ್ ಸಾಲುಗಳನ್ನು ತೋರಿಸಿ, ಇವೇ ವೈರಸ್ ಎಂದು ಹೆದರಿಸುವುದು ಅವರ ವಿಧಾನ. ನಕಲಿ ತಪಾಸಣೆಯ ಚಿತ್ರವೂ ಬೇಕಾಗಲಿಲ್ಲ. 2012ರ ಅಕ್ಟೋಬರ್‌ನಲ್ಲಿ ಎಫ್‌ಟಿಸಿ ಇಂಥ ಆರು ಪ್ರಕರಣಗಳನ್ನು ಪ್ರಕಟಿಸಿತು. ಹೆಚ್ಚಿನವು ಭಾರತದಿಂದ ನಡೆಯುತ್ತಿದ್ದವು.

2019ರ ಮಾರ್ಚ್‌ನಲ್ಲಿ ಎಫ್‌ಟಿಸಿ ಮುಂದೆ ಬಂದ ಹೆಸರು ಯಾವ ಗುಪ್ತ ಜಾಲದ್ದೂ ಅಲ್ಲ, ಅಮೆರಿಕದ ಊರೂರಲ್ಲಿ ಮಳಿಗೆಯಿರುವ ಆಫೀಸ್ ಡಿಪೋದ್ದು. ಅಲ್ಲಿ ‘ಪಿಸಿ ಹೆಲ್ತ್ ಚೆಕ್’ ಎಂಬ ಉಚಿತ ತಪಾಸಣೆಯಿತ್ತು. ಆರಂಭದಲ್ಲಿ ಗ್ರಾಹಕರಿಗೆ ನಾಲ್ಕು ಪ್ರಶ್ನೆ: ಕಂಪ್ಯೂಟರ್ ನಿಧಾನವಾಗಿದೆಯೇ, ವೈರಸ್ ಎಚ್ಚರಿಕೆ ಬಂದಿದೆಯೇ, ಆಗಾಗ ಕ್ರ್ಯಾಶ್ ಆಗುತ್ತದೆಯೇ, ಪಾಪ್-ಅಪ್‌ಗಳ ಕಾಟವಿದೆಯೇ. ಒಂದಕ್ಕೆ ಹೌದೆಂದು ಗುರುತು ಹಾಕಿದರೂ ಸಾಕು, ಒಳಗೆ ಏನಿದೆಯೆಂದು ನೋಡದೆಯೇ ಸೋಂಕಿನ ಲಕ್ಷಣ ಕಂಡಿದೆಯೆಂಬ ವರದಿ ಬರುತ್ತಿತ್ತು ಎಂಬುದು ಆರೋಪ. ಅದನ್ನು ಸರಿಪಡಿಸಲು ನೂರಾರು ಡಾಲರ್ ಬಿಲ್. ಆಫೀಸ್ ಡಿಪೋ 2.5 ಕೋಟಿ, ಸಾಫ್ಟ್‌ವೇರ್ ಒದಗಿಸಿದ ಸಪೋರ್ಟ್.ಕಾಮ್ 1 ಕೋಟಿ ಡಾಲರ್ ಕೊಟ್ಟು ರಾಜಿಯಾದವು. ಮುಂದಿನ ವರ್ಷ ಆ ಹಣ 5 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಹಿಂದಿರುಗಿತು.